ಪ್ರಾಚೀನ ಆಂಗ್ಲ ವೀರಕಾವ್ಯದಲ್ಲಿ ಸ್ತ್ರೀಯರು

ಸ್ಮರಣ ಸಂಚಿಕೆಗಾಗಿ ಇಂಗ್ಲಿಷ್ ಸಾಹಿತ್ಯಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಷೇಕ್ಸ್‌ಪಿಯರನನ್ನೋ ವರ್ಡ್ಸ್‌ವರ್ತನನ್ನೋ ಕುರಿತು ಬರೆಯಬಲ್ಲವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿರುವುದರಿಂದ ಆ ಭಾಗವನ್ನು ಅವರಿಗೇ ಬಿಟ್ಟುಕೊಟ್ಟು, ಷೇಕ್ಸ್‌ಪಿಯರನಿಗಿಂತ ಕನಿಷ್ಠ ಆರುನೂರು ವರ್ಷ ಹಿಂದಿನ ಕಾವ್ಯವೊಂದನ್ನೂ ಅದರೊಳಗಿನ ಕೆಲವು ಹೆಣ್ಣುಮಕ್ಕಳನ್ನೂ ವಾಚಕರ ಮುಂದಿಡಬೇಕೆಂದಿದ್ದೇನೆ. ಬಿ. ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬೆಳಕಿಗೆ ಬಂದಂದಿನಿಂದ ಇಂಗ್ಲಿಷ್ ಕವಿಗಳು ಕನ್ನಡಿಗರಿಗೆ ನೆರೆಮನೆಯವರಂತಾಗಿದ್ದಾರೆ. ಆದರೆ ಆ ಭಾಷೆಯ ಆದಿಕಾವ್ಯದ ಪರಿಚಯ ನಮ್ಮಲ್ಲಿ ಸಾಹಿತ್ಯಚರಿತ್ರೆಯ ಮೊದಲ ಅಧ್ಯಾಯವನ್ನು ದಾಟಿ ಮುಂದೆ ಬರುವುದಿಲ್ಲ. ಆ ಅಧ್ಯಾಯವನ್ನೂ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬಿಟ್ಟುಬಿಡಬಹುದಾದ ಪ್ರಶ್ನೆಯೆಂದೇ ಎಣಿಸುತ್ತಾರೆ. ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಆ ಪಾಠವನ್ನು ಹೇಳಿದ ನನಗೆ ಅದು ಬಿಡಬಹುದಾದ ಪ್ರಶ್ನೆಯೆಂದು ಎಂದೂ ತೋರಲಿಲ್ಲ.

‘ಬಿಯೋವುಲ್ಫ್’ ಎಂಬ ಆ ಕಾವ್ಯದಲ್ಲಿ 3182 ಸಾಲುಗಳಿವೆ. ಅದು ಉಳಿದು ಬಂದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಕ್ರಿ. ಶ. 1000ರ ಸುಮಾರಿಗೆ ಇಬ್ಬರು ಲಿಪಿಕಾರರು ಚರ್ಮದ ಹಾಳೆಗಳ ಮೇಲೆ ಬರೆದ ಆ ಪ್ರತಿ 1731ರಲ್ಲಿ ಲಂಡನ್ನಿನ ಆಷ್‌ಬರ್ನ್‌ಹ್ಯಾಮ್ ಭವನಕ್ಕೆ ಬಿದ್ದ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಹೇಗೋ ಪಾರಾಯಿತು. ಅದರ ಮೊದಲ ಮುದ್ರಣ ನಡೆದದ್ದು 1815ರಲ್ಲಿ, ಅದೂ ಇಂಗ್ಲೆಂಡಿನಲ್ಲಲ್ಲ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅಂದಿನ ಇಂಗ್ಲೆಂಡಿನಲ್ಲಿ ಬರವಣಿಗೆಯ ವಿದ್ಯೆ ಬಹುಮಟ್ಟಿಗೆ ಕ್ರೈಸ್ತ ಮಠಗಳ ಸ್ವತ್ತಾಗಿತ್ತು. ತಾಳೆಗರಿಯ ಕಟ್ಟುಗಳನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಮಠಗಳ ನಾಡಿನವರಾದ ನಮಗೆ ಇದರಲ್ಲಿ ಸೋಜಿಗವೇನೂ ಕಾಣದು. ಸೋಜಿಗದ ಸಂಗತಿಯೆಂದರೆ ಆ ಮಠಗಳಿಗೆ ಈ ಕಾವ್ಯಗಳನ್ನು ಕುರಿತು ಎರಡು ಮನಸ್ಸಿದ್ದಿತು. 797ರಲ್ಲಿ ಆಲ್ಕ್ವಿನ್ ಎಂಬ ವಿದ್ವಾಂಸನು ಬಿಷಪ್ಪನೊಬ್ಬನಿಗೆ ಪತ್ರ ಬರೆದು, ಮಠದ ಪಂಕ್ತಿಯಲ್ಲಿ ಧರ್ಮಗ್ರಂಥದ ಪಠನವಾಗಬೇಕೇ ಹೊರತು ಇಂಗೆಲ್ಡನಂಥ ಹಳೆಯ ವೀರರ ಹಾಡುಗಳು ಸಲ್ಲವೆಂದು ಗದರಿಸಿದ್ದಾನೆ. ಗದರಿಸಬೇಕಾಗಿ ಬಂದಿತೆಂದ ಮೇಲೆ ಹಾಡುಗಳು ನಡೆಯುತ್ತಿದ್ದವು ಎಂದೇ ಅರ್ಥ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಸರು ತಿಳಿದಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗನೆನಿಸಿದ ಕ್ಯಾಡ್‌ಮನ್ ಒಬ್ಬ ದನಗಾಹಿ. ಪಂಕ್ತಿಯಲ್ಲಿ ವೀಣೆಯಂಥ ವಾದ್ಯ ಕೈಯಿಂದ ಕೈಗೆ ಸರಿದು ತನ್ನೆಡೆಗೆ ಬರುವುದನ್ನು ಕಂಡೊಡನೆ ಹಾಡಲು ಬಾರದೆಂಬ ನಾಚಿಕೆಯಿಂದ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನಂತೆ. ಕನಸಿನಲ್ಲಿ ಹಾಡು ಒಲಿದ ಆತನನ್ನು ಪರೀಕ್ಷಿಸಿ, ಇದು ದೈವದತ್ತವೆಂದು ಒಪ್ಪಿ, ಮಠದೊಳಗೆ ಸೇರಿಸಿಕೊಂಡು ಪೊರೆದವಳು ವ್ಹಿಟ್ಬಿಯ ಮಠಾಧ್ಯಕ್ಷೆ ಹಿಲ್ಡ್. ಪುರುಷರೂ ಸ್ತ್ರೀಯರೂ ಸಾಧಕರಾಗಿದ್ದ ಆ ಮಠವನ್ನು ಆಕೆ 680ರಲ್ಲಿ ತೀರಿಕೊಳ್ಳುವವರೆಗೆ ಆಳಿದಳು. 731ರಲ್ಲಿ ಮುಗಿದ ಬೀಡನ ಚರಿತ್ರೆಯಲ್ಲಿ ಈ ವೃತ್ತಾಂತವಿದೆ. ನಮ್ಮ ವಾಚಕರಿಗೆ ಇಲ್ಲಿ ಕಲ್ಯಾಣದ ಶರಣೆಯರ ನೆನಪಾಗುವುದು ಸಹಜ. ಆದರೆ ಎರಡು ನಾಡು, ಎರಡು ಧರ್ಮ, ನಡುವೆ ಐದು ಶತಮಾನಗಳ ಅಂತರ. ಹೋಲಿಕೆಯ ಎಳೆಯನ್ನು ಅಷ್ಟು ದೂರ ಎಳೆದರೆ ಹರಿದೀತೆಂಬ ಭಯದಿಂದ ಕೈಬಿಡುತ್ತೇನೆ. ವೀರಕಾವ್ಯದ ಸಭಾಮಂಟಪದಲ್ಲಿ ಹೆಣ್ಣಿಗೆ ಜಾಗ ಕಡಿಮೆಯಿದ್ದ ಕಾಲದಲ್ಲಿಯೇ ಮಠದ ಪೀಠದಲ್ಲಿ ಆಕೆಗೆ ಜಾಗವಿತ್ತೆಂಬುದಷ್ಟೇ ಇಲ್ಲಿ ನೆನಪಿಡಬೇಕಾದ ಸಂಗತಿ.

ಈ ಕಾವ್ಯಗಳಲ್ಲಿ ಬರುವ ರಾಣಿಯರನ್ನು ವಿಮರ್ಶಕರು ‘ಫ್ರಿಯೊಥುವೆಬ್ಬೆ’ ಎಂಬ ಒಂದೇ ಪದದಿಂದ ಗುರುತಿಸುವುದು ವಾಡಿಕೆಯಾಗಿದೆ. ಶಾಂತಿಯನ್ನು ನೆಯ್ಯುವವಳು ಎಂದು ಅದರ ಅರ್ಥ. ಎರಡು ಕುಲಗಳ ನಡುವೆ ಹಗೆಯಿದ್ದಾಗ ಒಂದು ಕುಲದ ಕನ್ಯೆಯನ್ನು ಇನ್ನೊಂದು ಕುಲದ ಅರಸನಿಗೆ ಕೊಟ್ಟು ಸಂಬಂಧ ಬೆಳೆಸುತ್ತಿದ್ದರು. ಆಕೆಯ ಮಕ್ಕಳಲ್ಲಿ ಎರಡು ರಕ್ತಗಳೂ ಹಾಸುಹೊಕ್ಕಾಗಿ ಸೇರಿ ಹಗೆ ತಣಿಯಲೆಂಬುದು ಹಿರಿಯರ ಆಸೆ. ಅಂದಿನ ಇಂಗ್ಲೆಂಡಿನಲ್ಲಿ ಮಗ್ಗ ಹೆಂಗಸರ ಪಾಲಿನ ಕೆಲಸವಾಗಿತ್ತು. 899ರಲ್ಲಿ ತೀರಿಕೊಂಡ ಆಲ್ಫ್ರೆಡ್ ದೊರೆಯು ತನ್ನ ಮೃತ್ಯುಪತ್ರದಲ್ಲಿ ಗಂಡುಸಂತಾನವನ್ನು ಈಟಿಯ ಕಡೆಯೆಂದೂ ಹೆಣ್ಣುಸಂತಾನವನ್ನು ಕದಿರಿನ ಕಡೆಯೆಂದೂ ಕರೆದಿದ್ದಾನೆ. ಆದ್ದರಿಂದ ಪದ ಸುಂದರವಾಗಿದೆ, ಸಂದರ್ಭಕ್ಕೂ ಒಪ್ಪುತ್ತದೆ. ಆದರೆ ಮೂಲವನ್ನು ತೆರೆದು, ಪಕ್ಕದಲ್ಲಿ ನಿಘಂಟನ್ನಿಟ್ಟುಕೊಂಡು ಹುಡುಕಿದರೆ, ಉಳಿದು ಬಂದಿರುವ ಇಡೀ ಪ್ರಾಚೀನ ಆಂಗ್ಲ ಕಾವ್ಯರಾಶಿಯಲ್ಲಿ ಈ ಪದ ದೊರೆಯುವುದು ಮೂರೇ ಕಡೆ. ಒಂದು ಕಡೆ ಅದು ದೇವದೂತನಿಗೆ ಸಂದಿದೆ. ಇನ್ನೊಂದು ಕಡೆ ‘ವಿಡ್‌ಸಿತ್’ ಎಂಬ ಕಾವ್ಯದ ಎಆಲ್ಹ್‌ಹಿಲ್ಡ್ ರಾಣಿಗೆ ಸಂದಿದೆ. ‘ಬಿಯೋವುಲ್ಫ್’ನಲ್ಲಿ ಅದು ಬರುವುದು ಒಂದೇ ಸಲ, ಅದೂ ತನ್ನನ್ನು ದಿಟ್ಟಿಸಿ ನೋಡಿದವರನ್ನೆಲ್ಲ ಕೊಲ್ಲಿಸುತ್ತಿದ್ದ ಕ್ರೂರ ರಾಜಕುಮಾರಿಯೊಬ್ಬಳ ಪ್ರಸ್ತಾಪದಲ್ಲಿ: ಶಾಂತಿಯನ್ನು ನೆಯ್ಯಬೇಕಾದವಳಿಗೆ ಇಂಥ ನಡತೆ ಒಪ್ಪದೆಂದು ಕವಿ ಆಕ್ಷೇಪಿಸುತ್ತಾನೆ. ಹೀಗೆ, ಪದಕ್ಕೆ ತಕ್ಕಂತೆ ನಡೆಯದವಳಿಗೆ ಬಳಸಿದ ಮಾತನ್ನು ನಾವು ಪಾಠ ಹೇಳುವವರು ಎಲ್ಲ ರಾಣಿಯರ ಕೊರಳಿಗೂ ಕಟ್ಟಿದ್ದೇವೆ. ಒಂದು ಪದದ ಆಸರೆಯಿಂದ ಹಲವು ಬಾಳುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಪರೀಕ್ಷೆಯ ಉತ್ತರಪತ್ರಿಕೆಗೆ ಅನುಕೂಲ. ಕಾವ್ಯ ಅವರನ್ನು ಹಾಗೆ ನಿಲ್ಲಿಸಿಲ್ಲ.

ಮೊದಲು ಡೇನರ ಅರಸ ಹ್ರೋತ್‌ಗಾರನ ಪತ್ನಿ ವೆಲ್ಥಿಯೊಳನ್ನು ನೋಡೋಣ. ಗ್ರೆಂಡೆಲ್ ಎಂಬ ರಾಕ್ಷಸನು ಹನ್ನೆರಡು ವರ್ಷಗಳಿಂದ ಅರಸನ ಸಭಾಭವನಕ್ಕೆ ಇರುಳಿನಲ್ಲಿ ನುಗ್ಗಿ ವೀರರನ್ನು ಭಕ್ಷಿಸುತ್ತಿದ್ದಾನೆ. ಅವನನ್ನು ಕೊಲ್ಲಲು ಕಡಲಾಚೆಯ ಗೀಟರ ನಾಡಿನಿಂದ ತರುಣ ಬಿಯೋವುಲ್ಫ್ ಬಂದಿದ್ದಾನೆ. ಅಂದಿನ ಔತಣದಲ್ಲಿ ರಾಣಿ ಚಿನ್ನದೊಡವೆ ತೊಟ್ಟು, ಜೇನಿನ ಮದ್ಯದ ಪಾತ್ರೆಯನ್ನು ಹಿಡಿದು ಬರುತ್ತಾಳೆ. (ಮದ್ಯದ ಮಾತು ಬಂದುದಕ್ಕಾಗಿ ಮಠದ ಸಂಚಿಕೆಯ ವಾಚಕರು ಮನ್ನಿಸಬೇಕು, ಅದನ್ನು ಬಿಟ್ಟು ಈ ಕಾವ್ಯದ ಕಥೆ ಹೇಳಲಾಗದು.) ಪಾತ್ರೆ ಮೊದಲು ಅರಸನಿಗೆ, ಆಮೇಲೆ ಹಿರಿಯರಿಗೂ ಕಿರಿಯರಿಗೂ ಸಲ್ಲುತ್ತದೆ, ಕೊನೆಗೆ ಅತಿಥಿಯ ಕೈಗೆ ಬರುತ್ತದೆ. ಅದನ್ನು ಆಕೆಯ ಕೈಯಿಂದ ಪಡೆದ ಬಿಯೋವುಲ್ಫ್, ಗೆಲ್ಲುತ್ತೇನೆ ಇಲ್ಲವೇ ಇಲ್ಲಿಯೇ ಸಾಯುತ್ತೇನೆಂದು ಎಲ್ಲರೆದುರಿಗೆ ಮಾತು ಕೊಡುತ್ತಾನೆ. ರಾಣಿಗೆ ಆ ಮಾತು ಮೆಚ್ಚುಗೆಯಾಗುತ್ತದೆ. ಇದನ್ನು ಬರಿಯ ಅತಿಥಿಸತ್ಕಾರವೆಂದು ಓದಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ. ಪಾತ್ರೆ ಸಾಗಿದ ಕ್ರಮವೇ ಸಭೆಯಲ್ಲಿ ಯಾರ ಸ್ಥಾನ ಯಾವುದೆಂಬುದನ್ನು ತೋರಿಸುತ್ತದೆ. ಪಾತ್ರೆಯನ್ನು ಮುಟ್ಟಿ ಆಡಿದ ಮಾತು ಪ್ರತಿಜ್ಞೆಯಾಗುತ್ತದೆ. ಆ ಪ್ರತಿಜ್ಞೆಗೆ ರಾಣಿ ಸಾಕ್ಷಿ. ‘ಎಕ್ಸೆಟರ್ ಗ್ರಂಥ’ದಲ್ಲಿರುವ ನೀತಿಪದ್ಯಗಳು ರಾಣಿಯ ಲಕ್ಷಣಗಳನ್ನು ಹೇಳುವಾಗ ಗುಟ್ಟು ಕಾಯುವುದು, ಕುದುರೆಗಳನ್ನೂ ನಿಧಿಯನ್ನೂ ಉದಾರವಾಗಿ ಹಂಚುವುದು, ಮೊದಲ ಪಾತ್ರೆಯನ್ನು ಅರಸನಿಗೆ ನೀಡುವುದು, ಅವನಿಗೆ ಆಲೋಚನೆ ಹೇಳುವುದು ಇವೆಲ್ಲವನ್ನೂ ಒಟ್ಟಿಗೆ ಸೇರಿಸಿವೆ. ಮಂತ್ರಾಲೋಚನೆಯೂ ಪಾತ್ರೆಯೂ ಒಂದೇ ಕೈಯಲ್ಲಿದ್ದುವು. ಹೀಗಿದ್ದರೂ ಆಕೆಯ ಹೆಸರಿನ ಎರಡು ಭಾಗಗಳನ್ನು ಬಿಡಿಸಿದರೆ ‘ಪರದೇಶದ ದಾಸಿ’ ಎಂಬ ಅರ್ಥ ಬರುತ್ತದೆ. ರಾಣಿಗೆ ಇಂಥ ಹೆಸರೇಕೆಂದು ಪಂಡಿತರು ಬಹಳ ಚರ್ಚಿಸಿದ್ದಾರೆ. ಆ ಚರ್ಚೆಯಿಂದ ನನಗೆ ಹೆಚ್ಚಿನ ಲಾಭವಾಗಲಿಲ್ಲ.

ಗ್ರೆಂಡೆಲ್ ಹತನಾದ ಮರುದಿನ ವಿಜಯೋತ್ಸವ. ಆಸ್ಥಾನದ ಗಾಯಕನು ಡೇನರ ಹಳೆಯ ಜಯವೊಂದನ್ನು ಹಾಡಲೆಂದು ಕುಳಿತು, ಹಾಡನ್ನು ಹಿಲ್ಡೆಬುರ್ ಎಂಬ ಹೆಣ್ಣಿನ ದುಃಖದಿಂದ ಆರಂಭಿಸುತ್ತಾನೆ. ಡೇನರ ರಾಜಕುಮಾರಿಯಾದ ಆಕೆಯನ್ನು ಫ್ರಿಸಿಯನ್ನರ ಅರಸ ಫಿನ್ನನಿಗೆ ಕೊಟ್ಟಿದೆ. ಅಣ್ಣನೋ ತಮ್ಮನೋ ಆದ ಹ್ನಾಫ್ ತನ್ನ ಪರಿವಾರದೊಡನೆ ಫಿನ್ನನ ಮನೆಯಲ್ಲಿದ್ದಾಗ ಇರುಳಿನಲ್ಲಿ ಕಾಳಗ ಹತ್ತಿಕೊಳ್ಳುತ್ತದೆ. ಬೆಳಗಾದಾಗ ಆಕೆ ಕಾಣುವುದು ತವರಿನ ಕಡೆ ಸತ್ತ ಸೋದರನನ್ನು, ಗಂಡನ ಕಡೆ ನಿಂತು ಹೋರಾಡಿದನೆಂದು ಊಹಿಸಬೇಕಾದ ತನ್ನ ಮಗನನ್ನು. ತಪ್ಪಿಲ್ಲದವಳಿಗೆ ಈ ನಷ್ಟ ಬಂದಿತೆಂದು ಕವಿ ಸ್ಪಷ್ಟವಾಗಿ ಹೇಳಿದ್ದಾನೆ. ಎರಡು ಕಡೆಯವರೂ ಬಲಗುಂದಿ ಒಪ್ಪಂದವಾಗುತ್ತದೆ. ಉಳಿದ ಡೇನರಿಗೆ ಹೆಂಗೆಸ್ಟ್ ನಾಯಕ. ಸಭಾಭವನದಲ್ಲಿ ಸಮಪಾಲು, ಉಡುಗೊರೆಯಲ್ಲಿ ಸಮಪಾಲು, ಹಳೆಯದನ್ನೆತ್ತಿ ಹಂಗಿಸಿದವನಿಗೆ ಕತ್ತಿಯೇ ಉತ್ತರ ಎಂದು ಆಣೆಗಳಾಗುತ್ತವೆ. ಆಮೇಲೆ ಚಿತೆ. ಆಮೇಲೆ ದೀರ್ಘವಾದ ಚಳಿಗಾಲ. ಕಡಲು ಹೆಪ್ಪುಗಟ್ಟಿ ಊರಿಗೆ ಮರಳಲಾರದೆ ಹೆಂಗೆಸ್ಟ್ ತನ್ನ ಒಡೆಯನನ್ನು ಕೊಂದವನ ಮನೆಯಲ್ಲಿಯೇ ಉಣ್ಣುತ್ತ ಕುದಿಯುತ್ತಾನೆ. ವಸಂತ ಬಂದಾಗ ಯಾರೋ ಅವನ ತೊಡೆಯ ಮೇಲೆ ಕತ್ತಿಯೊಂದನ್ನಿಡುತ್ತಾರೆ. ಫಿನ್ ತನ್ನ ಮನೆಯಲ್ಲಿಯೇ ಕೊಲೆಯಾಗುತ್ತಾನೆ. ಡೇನರು ಅವನ ನಿಧಿಯನ್ನು ಹಡಗಿಗೆ ತುಂಬಿ, ರಾಣಿಯನ್ನೂ ಕರೆದುಕೊಂಡು ತವರಿಗೆ ಮರಳುತ್ತಾರೆ. ಸುಮಾರು ನೂರು ಸಾಲುಗಳ ಈ ಕಥೆಯಲ್ಲಿ ಹಿಲ್ಡೆಬುರಳ ಬಾಯಿಂದ ಒಂದು ಮಾತೂ ಬರುವುದಿಲ್ಲ.

ಒಂದು ವರ್ಷ ಸ್ನಾತಕೋತ್ತರ ತರಗತಿಯಲ್ಲಿ ಇದನ್ನು ಪಾಠ ಹೇಳುತ್ತಿದ್ದಾಗ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಆಕೆ ಮಾತಾಡಿಲ್ಲ ಅಂತೀರಿ, ಆದರೆ ಒಂದು ಅಪ್ಪಣೆ ಕೊಟ್ಟಿದ್ದಾಳಲ್ಲ” ಎಂದಳು. ಆಕೆ ಹೇಳಿದುದು ದಿಟ. ಹ್ನಾಫನ ಚಿತೆ ಸಿದ್ಧವಾದಾಗ, ತನ್ನ ಮಗನನ್ನೂ ಅದೇ ಚಿತೆಯ ಮೇಲೆ, ಅವನ ಸೋದರಮಾವನ ಮಗ್ಗುಲಿಗೆ ಮಲಗಿಸಬೇಕೆಂದು ಹಿಲ್ಡೆಬುರ್ ಆಜ್ಞಾಪಿಸುತ್ತಾಳೆ. ಆಮೇಲೆ ಹಾಡಿಕೊಂಡು ಅಳುತ್ತಾಳೆ. ಇಂಗ್ಲಿಷ್ ಸಂಪಾದಕರು ಈ ಸಾಲಿಗೆ ಟಿಪ್ಪಣಿ ಬರೆಯಬೇಕಾಗುತ್ತದೆ: ಜರ್ಮಾನಿಕ್ ಕುಲಗಳಲ್ಲಿ ಸೋದರಳಿಯನೂ ಸೋದರಮಾವನೂ ತಂದೆಮಕ್ಕಳಷ್ಟೇ ಹತ್ತಿರದವರೆಂದು ರೋಮಿನ ಟ್ಯಾಸಿಟಸ್ ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆಂದು. ಜವಳದಿಂದ ಮದುವೆಯವರೆಗೆ ಸೋದರಮಾವನಿಲ್ಲದೆ ಕಾರ್ಯ ಸಾಗದ ನಾಡಿನ ನಮ್ಮ ಮಕ್ಕಳಿಗೆ ಆ ಟಿಪ್ಪಣಿಯ ಅಗತ್ಯವೇ ಬೀಳಲಿಲ್ಲ. ಆದರೆ ಆಜ್ಞೆಯ ಅರ್ಥದಲ್ಲಿ ತರಗತಿ ಎರಡಾಯಿತು. ಬದುಕಿದ್ದಾಗ ಒಂದುಗೂಡಿಸಲಾಗದವರನ್ನು ಸತ್ತ ಮೇಲಾದರೂ ಒಂದುಗೂಡಿಸಿದಳೆಂದು ಕೆಲವರು. ನೀವು ಮಾಡಿದ್ದನ್ನು ಎರಡೂ ಕಡೆಯವರು ಒಟ್ಟಿಗೇ ಕಣ್ಣಾರೆ ನೋಡಿರೆಂದು ಎದುರಿಗಿಟ್ಟಳೆಂದು ಆ ಹುಡುಗಿ. ಎರಡನೆಯದೇ ಸರಿಯೆಂದು ನನಗೆ ತೋರುತ್ತದೆ. ಚಿತೆಯ ವರ್ಣನೆಯಲ್ಲಿ ಕವಿ ಸಮಾಧಾನದ ಒಂದು ಮಾತನ್ನೂ ಸೇರಿಸಿಲ್ಲ. ತಲೆಗಳು ಕರಗುವುದನ್ನೂ ಗಾಯಗಳು ಬಾಯಿ ಬಿಡುವುದನ್ನೂ ಹೇಳಿ, ಬೆಂಕಿ ಎರಡೂ ಕುಲದವರನ್ನು ನುಂಗಿತೆನ್ನುತ್ತಾನೆ.

ಇದೇ ಕಾಳಗವನ್ನು ಕುರಿತ ಮತ್ತೊಂದು ಹಾಡಿನ ತುಣುಕು ಉಳಿದಿದೆ. ಜಾರ್ಜ್ ಹಿಕ್ಸ್ ಎಂಬ ವಿದ್ವಾಂಸನು 1705ರಲ್ಲಿ ಅದನ್ನು ಅಚ್ಚು ಹಾಕಿಸಿದ; ಮೂಲದ ಹಾಳೆ ಆಮೇಲೆ ಕಳೆದುಹೋಯಿತು. ಐವತ್ತಕ್ಕೆ ಸ್ವಲ್ಪ ಕಡಿಮೆ ಸಾಲುಗಳ ಆ ತುಣುಕಿನಲ್ಲಿ ಬಾಗಿಲು ಕಾಯುವ ವೀರರಿದ್ದಾರೆ, ಕತ್ತಿಗಳ ಹೊಳಪಿದೆ, ಐದು ದಿನ ಬಿಡದೆ ನಡೆದ ಹೋರಾಟವಿದೆ. ಹಿಲ್ಡೆಬುರಳ ಸುಳಿವೇ ಇಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ‘ಬಿಯೋವುಲ್ಫ್’ ಕವಿಯ ಮನಸ್ಸು ಎತ್ತ ವಾಲಿತ್ತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಡು ಮುಗಿದೊಡನೆ ನಗೆಯ ಗದ್ದಲವೇಳುತ್ತದೆ. ಆ ಗದ್ದಲದ ನಡುವೆಯೇ ವೆಲ್ಥಿಯೊ ಎರಡನೆಯ ಸಲ ಪ್ರವೇಶಿಸುತ್ತಾಳೆ. ಈ ಜೋಡಣೆ ಆಕಸ್ಮಿಕವೆಂದು ನಾನು ನಂಬಲಾರೆ. ಅರಸನ ಪಕ್ಕದಲ್ಲಿ ಅವನ ಅಣ್ಣತಮ್ಮಂದಿರ ಮಗನಾದ ಹ್ರೋಥುಲ್ಫ್ ಕುಳಿತಿದ್ದಾನೆ. ಇನ್ನೂ ಅವರಿಬ್ಬರ ನಡುವೆ ಒಗ್ಗಟ್ಟಿತ್ತೆನ್ನುತ್ತಾನೆ ಕವಿ. ಆ ‘ಇನ್ನೂ’ ಎಂಬ ಒಂದು ಪದ ಕೇಳುಗರ ಎದೆಯಲ್ಲಿ ಮುಳ್ಳಾಡಿಸಿರಬೇಕು. ರಾಣಿಗೆ ಇಬ್ಬರು ಎಳೆಯ ಮಕ್ಕಳು, ಹ್ರೆಥ್ರಿಕ್ ಮತ್ತು ಹ್ರೋತ್‌ಮುಂಡ್. ಬಿಯೋವುಲ್ಫನನ್ನು ಮಗನೆಂದು ಭಾವಿಸುವುದಾಗಿ ಅರಸನು ಉತ್ಸಾಹದಲ್ಲಿ ನುಡಿದಿದ್ದಾನೆ. ಆಕೆ ಪಾತ್ರೆಯನ್ನು ಗಂಡನ ಕೈಗಿತ್ತು, ಉಡುಗೊರೆಗಳನ್ನು ಧಾರಾಳವಾಗಿ ಕೊಡು, ಆದರೆ ನಾಡನ್ನೂ ಪ್ರಜೆಗಳನ್ನೂ ನಿನ್ನ ಕುಲದವರಿಗೇ ಬಿಡು ಎನ್ನುತ್ತಾಳೆ. ಅದೇ ಉಸಿರಿನಲ್ಲಿ, ನಮ್ಮ ಹ್ರೋಥುಲ್ಫ್ ಒಳ್ಳೆಯವನು, ಬಾಲ್ಯದಲ್ಲಿ ನಾವು ಅವನನ್ನು ಸಾಕಿದ್ದನ್ನು ನೆನೆದರೆ ನಮ್ಮ ಮಕ್ಕಳನ್ನು ಕಾಪಾಡುತ್ತಾನೆಂದು ಅವನಿಗೆ ಕೇಳುವಂತೆಯೇ ನುಡಿಯುತ್ತಾಳೆ. ಅಲ್ಲಿಂದ ಮಕ್ಕಳು ಕುಳಿತಿದ್ದ ಪೀಠದೆಡೆಗೆ ನಡೆಯುತ್ತಾಳೆ. ಇಬ್ಬರ ನಡುವೆ ಬಿಯೋವುಲ್ಫ್ ಕುಳಿತಿದ್ದಾನೆ. ಅವನಿಗೆ ಅಪೂರ್ವವಾದ ಕಂಠಾಭರಣವನ್ನು ಕೊಟ್ಟು, ಈ ಹುಡುಗರಿಗೆ ಒಳ್ಳೆಯವನಾಗಿರೆಂದು ಬೇಡುತ್ತಾಳೆ. ಗಂಡನಿಗೆ ತಿಳಿವಳಿಕೆ, ದಾಯಾದಿಗೆ ಹಂಗಿನ ನೆನಪು, ಪರದೇಶದ ವೀರನಿಗೆ ಉಡುಗೊರೆ. ಕೈಯಲ್ಲಿ ಪಾತ್ರೆಯ ಹೊರತು ಬೇರೆ ಆಯುಧವಿಲ್ಲದ ತಾಯಿ ಒಂದೇ ಸುತ್ತಿನಲ್ಲಿ ಮೂರು ಕಡೆ ಕಾವಲು ಹಾಕಿದ್ದಾಳೆ. ಆ ಕಾವಲು ಉಳಿಯಲಿಲ್ಲವೆಂದೇ ಮುಂದಿನ ಸ್ಕ್ಯಾಂಡಿನೇವಿಯದ ಕಥೆಗಳು ಸೂಚಿಸುತ್ತವೆ. ಅವುಗಳಲ್ಲಿ ಡೇನರ ದೊಡ್ಡ ಅರಸನಾಗಿ ಮೆರೆಯುವವನು ಹ್ರೋಥುಲ್ಫನೇ. ಕಂಠಾಭರಣದ ಗತಿಯನ್ನಂತೂ ಕವಿ ಆಕೆಯ ಮಾತು ಮುಗಿಯುವ ಮೊದಲೇ ಹೇಳಿಬಿಡುತ್ತಾನೆ: ಗೀಟರ ಅರಸ ಹಿಗೆಲಾಕ್ ಅದನ್ನು ಧರಿಸಿ ಫ್ರಿಸಿಯದ ದಂಡಯಾತ್ರೆಯಲ್ಲಿ ಮಡಿಯುತ್ತಾನೆ.

ಅದೇ ರಾತ್ರಿ ಮೂರನೆಯ ತಾಯಿ ಬರುತ್ತಾಳೆ. ಗ್ರೆಂಡೆಲನ ತಾಯಿಗೆ ಕಾವ್ಯದಲ್ಲಿ ಹೆಸರಿಲ್ಲ. ಮಗನನ್ನು ಕಳೆದುಕೊಂಡ ದುಃಖದಿಂದ ಆಕೆ ಸಭಾಭವನಕ್ಕೆ ನುಗ್ಗಿ, ಅರಸನಿಗೆ ಅತ್ಯಂತ ಪ್ರಿಯನಾದ ಆಷ್‌ಹೆರೆ ಎಂಬ ಒಬ್ಬನನ್ನೇ ಕೊಂದು, ಗೋಡೆಗೆ ವಿಜಯಚಿಹ್ನೆಯಾಗಿ ತೂಗುಹಾಕಿದ್ದ ಮಗನ ತೋಳನ್ನು ಎತ್ತಿಕೊಂಡು ಕೊಳದ ತಳಕ್ಕೆ ಮರಳುತ್ತಾಳೆ. ಒಬ್ಬನಿಗೆ ಒಬ್ಬ. ವೀರರ ಸಮಾಜದ ಲೆಕ್ಕ ಇದೇ ಆಗಿತ್ತು. ಗೆಳೆಯನಿಗಾಗಿ ಅಳುವುದಕ್ಕಿಂತ ಸೇಡು ತೀರಿಸುವುದೇ ಮೇಲೆಂದು ಮರುದಿನ ಬಿಯೋವುಲ್ಫ್ ಅರಸನಿಗೆ ಹೇಳುವ ಬುದ್ಧಿವಾದವನ್ನು ಆಕೆ ಹಿಂದಿನ ರಾತ್ರಿಯೇ ನಡೆಸಿ ತೋರಿಸಿದ್ದಾಳೆ. ಎರಡು ಕಡೆಯವರೂ ಪ್ರಿಯರ ಪ್ರಾಣವನ್ನೇ ಬೆಲೆಯಾಗಿ ತೆತ್ತ ಈ ವ್ಯಾಪಾರ ಒಳ್ಳೆಯದಲ್ಲವೆಂದು ಕವಿಯೂ ಕೊರಗುತ್ತಾನೆ. ಹೆಂಗಸಾದ್ದರಿಂದ ಅವಳ ಬಲ ಮಗನ ಬಲಕ್ಕಿಂತ ಕಡಿಮೆಯೆಂದು ಹೇಳುವ ಕವಿ, ಅವಳೊಡನೆ ನಡೆದ ಕಾಳಗವನ್ನು ಮಾತ್ರ ಹೆಚ್ಚು ಭಯಂಕರವಾಗಿಯೇ ವರ್ಣಿಸಿದ್ದಾನೆ. ಅಲ್ಲಿ ನಾಯಕನ ಕತ್ತಿ ಕೈಕೊಡುತ್ತದೆ, ಅವನು ನೆಲಕ್ಕೆ ಬೀಳುತ್ತಾನೆ, ಕವಚವೊಂದು ಇಲ್ಲದಿದ್ದರೆ ಅವಳ ಬಾಕಿನಿಂದ ಪ್ರಾಣವೇ ಹೋಗುತ್ತಿತ್ತು.

ಈಕೆಯ ವಿಷಯದಲ್ಲಿ ಮೂಲದ ಪದಗಳನ್ನು ನೋಡುವುದು ಲಾಭಕರ. ‘ಇಡೆಸ್’ ಎಂಬುದು ಕುಲೀನ ಸ್ತ್ರೀಯನ್ನು ಹೇಳುವ ಗೌರವದ ಮಾತು. ವೆಲ್ಥಿಯೊಳಿಗೂ ಹಿಲ್ಡೆಬುರಳಿಗೂ ಬಳಸಿದ ಆ ಪದವನ್ನೇ ಕವಿ ಗ್ರೆಂಡೆಲನ ತಾಯಿಗೂ ಬಳಸಿದ್ದಾನೆ. ಅದರ ಮಗ್ಗುಲಲ್ಲಿ ‘ಆಗ್ಲಾಚ್‌ವಿಫ್’ ಎಂಬ ಮತ್ತೊಂದು ಪದವಿದೆ. 1922ರಲ್ಲಿ ಪ್ರಕಟವಾಗಿ ಬಹುಕಾಲ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಪ್ರಮಾಣಗ್ರಂಥವೆನಿಸಿದ ಕ್ಲೇಬರನ ಆವೃತ್ತಿ ಅದಕ್ಕೆ ರಾಕ್ಷಸಿಯೆಂಬ ಅರ್ಥವನ್ನು ಕೊಟ್ಟಿತು. ಅದೇ ಧಾತುವಿನ ‘ಆಗ್ಲಾಚ’ ಎಂಬ ಪದ ನಾಯಕರಿಗೆ ಅನ್ವಯಿಸಿದಾಗ ಮಾತ್ರ ಯೋಧನೆಂದೂ ವೀರನೆಂದೂ ಅರ್ಥ ಹೇಳಿತು. ಒಂದೇ ಪದ ಗಂಡಿಗೆ ಬಿರುದು, ಹೆಣ್ಣಿಗೆ ಬೈಗುಳ! ಪೂರ್ತಿ ಅನ್ಯಾಯವೆಂದು ನಾನು ಹೇಳುವುದಿಲ್ಲ, ಏಕೆಂದರೆ ಗ್ರೆಂಡೆಲನಿಗೂ ಆ ಪದ ಸಂದಿದೆ, ತಾಯಿ ಮಗ ಇಬ್ಬರೂ ಕೇಯಿನನ ಶಾಪಗ್ರಸ್ತ ವಂಶದವರೆಂದು ಕವಿಯೇ ಹೇಳುತ್ತಾನೆ. ಆದರೂ ಈಕೆ ಕೊಳವನ್ನು ಐವತ್ತು ವರ್ಷ ಆಳಿದ್ದಳೆಂಬುದನ್ನು ತಿಳಿಸಲು ಕವಿ ಉಪಯೋಗಿಸಿದ ಕಾಲಗಣನೆಯ ಮಾತೇ, ತಾನು ಡೇನರನ್ನು ಐವತ್ತು ವರ್ಷ ಆಳಿದೆನೆಂದು ಹ್ರೋತ್‌ಗಾರ್ ಹೇಳಿಕೊಳ್ಳುವಾಗಲೂ ಬರುತ್ತದೆ. ಕೊಳದ ಒಡತಿಯೂ ಭವನದ ಒಡೆಯನೂ ಒಂದೇ ಅಳತೆಗೋಲಿನಿಂದ ಅಳೆಯಲ್ಪಟ್ಟಿದ್ದಾರೆ. 1936ರಲ್ಲಿ ಟೋಲ್ಕಿನ್ ಮಾಡಿದ ಪ್ರಸಿದ್ಧ ಉಪನ್ಯಾಸವು ಗ್ರೆಂಡೆಲ್ ಮತ್ತು ಘಟಸರ್ಪ ಇವೆರಡನ್ನೇ ಕಾವ್ಯದ ಎರಡು ಕಂಬಗಳೆಂದು ಸ್ಥಾಪಿಸಿತು. ಅದರಲ್ಲಿ ತಾಯಿಗೆ ದೊರೆತ ಜಾಗ ಬಹು ಕಡಿಮೆ. 1980ರ ದಶಕದಲ್ಲಿ ಹೆಲೆನ್ ಡ್ಯಾಮಿಕೊ, ಜೇನ್ ಚಾನ್ಸ್ ಮೊದಲಾದ ವಿದುಷಿಯರು ಈ ಕಾವ್ಯಗಳ ಸ್ತ್ರೀಯರನ್ನು ಕುರಿತೇ ಗ್ರಂಥಗಳನ್ನು ರಚಿಸಿದ ಮೇಲೆ ನೋಟ ಬದಲಾಯಿತು. 2020ರಲ್ಲಿ ಮಾರಿಯಾ ದಹ್ವಾನ ಹೆಡ್ಲಿ ಪ್ರಕಟಿಸಿದ ಅನುವಾದದಲ್ಲಿ ಆಕೆ ಸೇಡು ಹೊತ್ತ ಯೋಧೆಯಾಗಿಯೇ ಬರುತ್ತಾಳೆ. ಆ ಅನುವಾದದ ಬೀದಿಮಾತಿನ ಧಾಟಿ ನನ್ನ ಕಿವಿಗೆ ಒಗ್ಗಲಿಲ್ಲ. ನಮ್ಮ ಗ್ರಂಥಾಲಯಕ್ಕೆ ಒಂದೇ ಅನುವಾದವನ್ನು ಕೊಳ್ಳುವುದಾದರೆ 1999ರಲ್ಲಿ ಬಂದ ಸೀಮಸ್ ಹೀನಿಯದನ್ನೇ ಕೊಳ್ಳಬೇಕೆಂಬುದು ನನ್ನ ಸಲಹೆ. ಎರಡಕ್ಕೆ ಹಣವಿದ್ದರೆ ಹೆಡ್ಲಿಯದೂ ಇರಲಿ.

ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಹ್ರೋತ್‌ಗಾರನ ಮಗಳು ಫ್ರಿಯವಾರು ಆಲ್ಕ್ವಿನನ ಸಿಟ್ಟಿಗೆ ಗುರಿಯಾದ ಅದೇ ಇಂಗೆಲ್ಡನಿಗೆ ನಿಶ್ಚಿತಳಾದವಳು. ಊರಿಗೆ ಮರಳಿದ ಬಿಯೋವುಲ್ಫ್ ತನ್ನ ಅರಸನಿಗೆ ವರದಿ ಒಪ್ಪಿಸುವಾಗ, ಮದುವೆಯ ಪಂಕ್ತಿಯಲ್ಲಿ ಯಾವನೋ ಮುದುಕ ಸೈನಿಕನು ಸತ್ತವನ ಕತ್ತಿ ಶತ್ರುವಿನ ಸೊಂಟದಲ್ಲಿರುವುದನ್ನು ಎಳೆಯನೊಬ್ಬನಿಗೆ ತೋರಿಸಿ ಕೆರಳಿಸುತ್ತಾನೆ, ಅಲ್ಲಿಗೆ ಆ ಸಂಬಂಧ ಮುಗಿಯಿತೆಂದು ಮುಂದಾಗಿಯೇ ಹೇಳುತ್ತಾನೆ. ಹಿಗೆಲಾಕನ ವಿಧವೆ ಹಿಗ್ಡ್ ವೆಲ್ಥಿಯೊಳಿಗೆ ತದ್ವಿರುದ್ಧ. ಪರಕೀಯರ ದಾಳಿಯನ್ನು ತನ್ನ ಎಳೆಯ ಮಗ ಎದುರಿಸಲಾರನೆಂದು ಕಂಡು ಆಕೆ ಭಂಡಾರವನ್ನೂ ಸಿಂಹಾಸನವನ್ನೂ ಬಿಯೋವುಲ್ಫನಿಗೆ ನೀಡಲು ಮುಂದಾಗುತ್ತಾಳೆ. ಸಿಂಹಾಸನವನ್ನು ಕೊಡುವ ಅಧಿಕಾರ ರಾಣಿಗೆ ಇತ್ತೆಂಬುದನ್ನು ಕವಿ ಯಾವ ವಿವರಣೆಯೂ ಇಲ್ಲದೆ ಹೇಳಿ ಮುಂದೆ ಸಾಗಿದ್ದಾನೆ. ಬಿಯೋವುಲ್ಫ್ ಒಪ್ಪದೆ ಹುಡುಗನ ಬೆನ್ನಿಗೆ ನಿಂತನು. ಹುಡುಗ ಯುದ್ಧದಲ್ಲಿ ಸತ್ತ ಮೇಲೆಯೇ ಪಟ್ಟವೇರಿದನು. ಆಗಲೇ ಹೆಸರಿಸಿದ ಎಆಲ್ಹ್‌ಹಿಲ್ಡ್ ರಾಣಿ ಅಲೆಮಾರಿ ಗಾಯಕನಿಗೆ ಚಿನ್ನದ ಬಳೆಯನ್ನಿತ್ತು, ಅದಕ್ಕೆ ಪ್ರತಿಯಾಗಿ ಆಕೆಯ ದಾನದ ಹೆಸರು ಅನೇಕ ನಾಡುಗಳಲ್ಲಿ ಹಾಡಾಯಿತು. ನಮ್ಮ ಸಂಸ್ಥೆಯ ದಾನಿಗಳು ಅಂಥ ಗಾಯಕನನ್ನು ನಿರೀಕ್ಷಿಸುವವರಲ್ಲವೆಂದು ಬಲ್ಲೆ.

ಎಕ್ಸೆಟರ್ ಗ್ರಂಥದಲ್ಲಿ ಹೆಣ್ಣೇ ನಿಂತು ಮಾತನಾಡುವ ಎರಡು ಕಿರುಕವಿತೆಗಳಿವೆ. ಒಂದು 53 ಸಾಲಿನದು, ಇನ್ನೊಂದು ಕೇವಲ 19 ಸಾಲಿನದು. ಮಾತನಾಡುತ್ತಿರುವುದು ಹೆಣ್ಣೆಂಬುದು ಗೊತ್ತಾಗುವುದು ವಿಶೇಷಣಗಳ ಸ್ತ್ರೀಲಿಂಗ ಪ್ರತ್ಯಯಗಳಿಂದ. ಇಂಗ್ಲಿಷಿನಲ್ಲಿ ಆ ಪ್ರತ್ಯಯಗಳು ಸವೆದುಹೋಗಿ ಬಹುಕಾಲವಾಯಿತು. ಕನ್ನಡ ಬಲ್ಲವರಿಗೆ, ಕ್ರಿಯಾಪದದ ಕೊನೆಯಲ್ಲಿ ‘ಳು’ ಕಂಡೊಡನೆ ಹೆಣ್ಣನ್ನು ಗುರುತಿಸುವ ನಮಗೆ, ಆ ಸುಖ ಸುಲಭವಾಗಿ ಅರ್ಥವಾಗುತ್ತದೆ. ಇನ್ನು ‘ಬಿಯೋವುಲ್ಫ್’ ಹಸ್ತಪ್ರತಿಯಲ್ಲಿಯೇ ಅದರ ಹಿಂದೆ ಸೇರಿಕೊಂಡಿರುವ ‘ಜೂಡಿತ್’. ಬೈಬಲಿನ ಪರಂಪರೆಯ ಕಥೆ; ಸುಮಾರು 350 ಸಾಲು ಉಳಿದಿದೆ. ಮದೋನ್ಮತ್ತ ಸೇನಾಪತಿ ಹಾಲೊಫರ್ನಿಸನ ತಲೆಯನ್ನು ಅವನ ಡೇರೆಯಲ್ಲಿಯೇ ಕತ್ತರಿಸಿ, ದಾಸಿಯ ಚೀಲದಲ್ಲಿಟ್ಟು ಊರಿಗೆ ತಂದು, ಜನರನ್ನು ಯುದ್ಧಕ್ಕೆ ಹುರಿದುಂಬಿಸಿದ ಜೂಡಿತಳಿಗೆ ಗೆದ್ದುಬಂದ ಯೋಧರು ಸೇನಾಪತಿಯ ಕತ್ತಿ, ರಕ್ತಸಿಕ್ತ ಶಿರಸ್ತ್ರಾಣ, ಅಗಲವಾದ ಕವಚ ಇವನ್ನು ಅರ್ಪಿಸುತ್ತಾರೆ. ಬಿಯೋವುಲ್ಫನಿಗೆ ಹ್ರೋತ್‌ಗಾರ್ ಕೊಟ್ಟಂಥ ಉಡುಗೊರೆಗಳೇ ಇವು. ಸಭಾಭವನದ ರಾಣಿಯರಾರಿಗೂ ದೊರೆಯದ ವೀರಪಾಲು ದೇವರನ್ನು ನೆನೆದು ಕತ್ತಿಯೆತ್ತಿದ ಈ ವಿಧವೆಗೆ ದೊರೆತಿದೆ.

‘ಬಿಯೋವುಲ್ಫ್’ ಮುಗಿಯುವುದು ಚಿತೆಯ ಬಳಿಯಲ್ಲಿ. ಐವತ್ತು ವರ್ಷ ಆಳಿದ ಮುದಿ ಅರಸನು ಘಟಸರ್ಪವನ್ನು ಕೊಂದು ತಾನೂ ಸತ್ತಿದ್ದಾನೆ. ಆಗ ಅದುವರೆಗೆ ಕಾಣದಿದ್ದ ಗೀಟರ ಹೆಂಗಸೊಬ್ಬಳು ಹಾಡಿ ಅಳುತ್ತಾಳೆ. ಹಸ್ತಪ್ರತಿಯ ಕೊನೆಯ ಹಾಳೆ ಬಹಳ ಸವೆದಿರುವುದರಿಂದ ಆ ಕೆಲವು ಸಾಲುಗಳ ಅಕ್ಷರಗಳನ್ನು ಸಂಪಾದಕರು ಊಹೆಯಿಂದ ತುಂಬಬೇಕಾಗಿದೆ. ಉಳಿದ ಪದಗಳಿಂದ ತಿಳಿಯುವುದು ಇಷ್ಟು: ಕೆಟ್ಟ ದಿನಗಳು ಬರಲಿವೆ, ಕೊಲೆಗಳಾಗಲಿವೆ, ಅವಮಾನವೂ ಸೆರೆಯೂ ಕಾದಿವೆಯೆಂದು ಆಕೆ ಅಂಜುತ್ತಾಳೆ. ಹೊಗೆ ಆಕಾಶದಲ್ಲಿ ಅಡಗುತ್ತದೆ. ಜನರು ಹತ್ತು ದಿನ ದುಡಿದು ಕಡಲಿಗೆ ಕಾಣುವಂತೆ ದಿಬ್ಬವನ್ನು ಕಟ್ಟುತ್ತಾರೆ. ಹನ್ನೆರಡು ಮಂದಿ ವೀರರು ಕುದುರೆಯೇರಿ ಅದನ್ನು ಸುತ್ತುತ್ತ ಸತ್ತವನ ಗುಣಗಳನ್ನು ಹೊಗಳುತ್ತಾರೆ. ಕೀರ್ತಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಯಸಿದವನೆಂಬುದು ಕಾವ್ಯದ ಕಟ್ಟಕಡೆಯ ಪದ. ವೀರರು ಆದುದನ್ನು ಹಾಡಿದರು, ಆ ಹೆಂಗಸು ಆಗಲಿರುವುದನ್ನು ಹಾಡಿದ್ದಳು. ಗೀಟರು ಮುಂದೆ ಸ್ವೀಡನ್ನಿನ ರಾಜ್ಯದಲ್ಲಿ ಸೇರಿಹೋದರು. ಅವರ ಹೆಸರು ಇಂದು ಆ ದೇಶದ ದಕ್ಷಿಣ ಭಾಗಕ್ಕಿರುವ ಯೋತಾಲಾಂಡ್ ಎಂಬ ಹೆಸರಿನಲ್ಲಿ ಉಳಿದಿದೆ.